ಬಿಲ್ ಕೌಂಟರಿನ ಮುಂದೆ ನಿಂತು ಪಾಲಿಸಿ ಓದಿ

ಬೆಳಗಿನ ರೌಂಡ್ಸ್‌ಗೆ ಬಂದ ಡಾಕ್ಟರು 'ಇವತ್ತು ಮನೆಗೆ ಹೋಗಬಹುದು' ಎಂದು ಹೇಳಿ ಹೋದ ಮೇಲೆ ಖಾಸಗಿ ಆಸ್ಪತ್ರೆಯಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ. ವಾರ್ಡಿನಿಂದ ಫೈಲು ಬಿಲ್ಲಿಂಗ್ ವಿಭಾಗಕ್ಕೆ ಇಳಿಯಬೇಕು, ಮಿಕ್ಕ ಔಷಧಿ ಫಾರ್ಮಸಿಗೆ ವಾಪಸಾಗಬೇಕು, ಡಿಸ್ಚಾರ್ಜ್ ಸಮರಿ ಟೈಪ್ ಆಗಬೇಕು. ಆಮೇಲೆ ಅಂತಿಮ ಬಿಲ್ಲು ಇನ್ಶೂರೆನ್ಸ್ ಡೆಸ್ಕಿನಿಂದ ವಿಮಾ ಕಂಪನಿಗೋ, ಅದರ ಪರವಾಗಿ ಕ್ಲೇಮ್ ನೋಡುವ ಟಿಪಿಎಗೋ ಹೋಗಬೇಕು. ಅಲ್ಲಿಂದ ಒಂದು ಪ್ರಶ್ನೆ ಬರುತ್ತದೆ, ಇಲ್ಲಿಂದ ಉತ್ತರ ಹೋಗುತ್ತದೆ. ಊಟದ ಹೊತ್ತು ಮೀರುತ್ತದೆ. ಕೊನೆಗೆ ಡೆಸ್ಕಿನವರು ಕರೆದು ಒಂದು ಹಾಳೆ ಕೊಡುತ್ತಾರೆ: ಒಟ್ಟು ಬಿಲ್ಲು ಇಷ್ಟು, ಕಂಪನಿ ಮಂಜೂರು ಮಾಡಿದ್ದು ಇಷ್ಟು, ನೀವು ಕಟ್ಟಬೇಕಾದ್ದು ಇಷ್ಟು. ತಾವು ಕೊಂಡಿದ್ದು ಎಂಥ ಪಾಲಿಸಿ ಎಂಬುದು ಬಹಳಷ್ಟು ಮನೆಗಳಿಗೆ ಮೊದಲ ಸಲ ಗೊತ್ತಾಗುವುದು ಆ ಮೂರನೆಯ ಸಾಲು ಕಂಡಾಗ.

ಮಂಜೂರಾತಿಗೆ ಈಗ ಗಡುವಿದೆ. ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2024ರ ಮೇ 29ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ 3 ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕು. ತಡಮಾಡಿದ್ದರಿಂದ ಆಸ್ಪತ್ರೆ ಹೆಚ್ಚುವರಿ ಹಣ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಒಳ್ಳೆಯ ನಿಯಮ. ಆದರೆ ಅದು ಕಾಯುವ ಹೊತ್ತನ್ನು ಕಡಿಮೆ ಮಾಡುತ್ತದೆಯೇ ಹೊರತು ಆ ಮೂರನೆಯ ಸಾಲಿನ ಮೊತ್ತವನ್ನಲ್ಲ. ಆ ಮೊತ್ತ ಪಾಲಿಸಿ ಕೊಂಡ ದಿನವೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಆದ್ದರಿಂದ ಆ ಮೂರನೆಯ ಸಾಲಿನಿಂದ ಶುರುಮಾಡಿ ಹಿಂದಕ್ಕೆ ಓದಿಕೊಂಡು ಬಂದರೆ ಮಾತ್ರ ಪಾಲಿಸಿ ಆರಿಸಲು ಸಾಧ್ಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಂಪನಿಯ ಹೆಸರು, ಪ್ರೀಮಿಯಂ, ವಿಮಾ ಮೊತ್ತ ಇವನ್ನು ಏಜೆಂಟರೇ ಹೇಳುತ್ತಾರೆ. ಬಿಲ್ಲು ಕತ್ತರಿಸುವ ಷರತ್ತುಗಳನ್ನು ನಾವೇ ಹುಡುಕಿಕೊಳ್ಳಬೇಕು.

ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮಗ, ಸೊಸೆ ಬೆಂಗಳೂರಿನಲ್ಲಿ. ವಯಸ್ಸು 36 ಮತ್ತು 33, ಒಂದು ಮಗು. ಅಪ್ಪ, ಅಮ್ಮ ದಾವಣಗೆರೆಯಲ್ಲಿ. ಅಪ್ಪನಿಗೆ 66, ಶುಗರ್ ಬಂದು ಹತ್ತು ವರ್ಷವಾಯಿತು. ಅಮ್ಮನಿಗೆ 61, ಬಿಪಿ ಮಾತ್ರೆ ನುಂಗುತ್ತಾರೆ, ಮಂಡಿ ನೋವಿದೆ. ಇಂಥ ಮನೆ ನಮ್ಮಲ್ಲಿ ಬೀದಿಬೀದಿಗೂ ಸಿಗುತ್ತದೆ.

ಮನೆಯಲ್ಲಿ ಆಗಲೇ ಏನಿದೆ?

ಹೊಸದು ಕೊಳ್ಳುವ ಮುಂಚೆ ಇರುವುದನ್ನು ಲೆಕ್ಕ ಹಾಕಬೇಕು. ಈ ವಿಷಯದಲ್ಲಿ ಕರ್ನಾಟಕದ ಮನೆಗಳ ಸ್ಥಿತಿ ಬೇರೆ ಕಡೆಗಿಂತ ಒಂದಿಷ್ಟು ಉತ್ತಮ. ಸಾಮಾನ್ಯ ಜನರಿಗೆ ಮೆಡಿಕ್ಲೇಮ್ ಬಂದದ್ದು 1986ರಲ್ಲಿ, ಸರ್ಕಾರಿ ವಿಮಾ ಕಂಪನಿಗಳ ಮೂಲಕ. ಅದು ಬಹುಕಾಲ ಪಟ್ಟಣದ ಸಂಬಳದಾರರ ಸೊತ್ತಾಗಿಯೇ ಇತ್ತು. ಹಳ್ಳಿಯ ರೈತನಿಗೆ ಆಪರೇಷನ್ ಖರ್ಚಿನಿಂದ ರಕ್ಷಣೆ ಕೊಡಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮ ಯಶಸ್ವಿನಿ ಯೋಜನೆ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಕಲ್ಪನೆ, ಸಹಕಾರ ಇಲಾಖೆಯ ಜಾಲ, ತಿಂಗಳಿಗೆ 5 ರೂಪಾಯಿ ವಂತಿಗೆ: 2003ರಲ್ಲಿ ಜಾರಿಗೆ ಬಂದಾಗ ಇದ್ದದ್ದು ಇಷ್ಟೇ ಬಂಡವಾಳ. ಹಾಲಿನ ಡೇರಿಯಲ್ಲೋ ಸೊಸೈಟಿಯಲ್ಲೋ ಸದಸ್ಯನಾಗಿದ್ದವನು ಆ ಯೋಜನೆಯ ಕಾರ್ಡು ಹಿಡಿದು ದೊಡ್ಡಾಸ್ಪತ್ರೆಯ ಮೆಟ್ಟಿಲು ಹತ್ತಿದ. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಹೋಗಿದ್ದ ಯಶಸ್ವಿನಿಗೆ 2022ರ ಕೊನೆಯಲ್ಲಿ ಮತ್ತೆ ಜೀವ ಬಂತು. ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರಿಗೆ 1,000 ಎಂದು ವಂತಿಗೆ ಗೊತ್ತುಮಾಡಿ 5 ಲಕ್ಷದವರೆಗೆ ಚಿಕಿತ್ಸೆ ಕೊಡುವ ವ್ಯವಸ್ಥೆಯಾಯಿತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು 2004ರಲ್ಲಿ ತಮ್ಮ ಸ್ವಸಹಾಯ ಸಂಘಗಳ ಸದಸ್ಯರಿಗೆ ಆರಂಭಿಸಿದ 'ಸಂಪೂರ್ಣ ಸುರಕ್ಷಾ' ಕೂಡ ಇದೇ ದಾರಿಯದು.

ರೇಷನ್ ಕಾರ್ಡನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಇಲ್ಲಿ ಜನ ಎಡವುವುದು ಎರಡು ಕಡೆ. ಶೇ 30 ಎಂಬುದು ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಮೇಲೆ. ಖಾಸಗಿ ಆಸ್ಪತ್ರೆಯ ಬಿಲ್ಲಿನ ಮೇಲಲ್ಲ. ಜೊತೆಗೆ, ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ರೆಫರಲ್ ಬರೆಸಿಕೊಂಡೇ ಖಾಸಗಿಗೆ ಹೋಗಬೇಕು. 70 ದಾಟಿದವರಿಗೆಲ್ಲ ಆದಾಯ ನೋಡದೆ 5 ಲಕ್ಷದ ರಕ್ಷಣೆ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಚಾಲನೆ ಕೊಟ್ಟಿತು. ನಿಮ್ಮ ಊರಿನಲ್ಲಿ ಅದು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ವಿಚಾರಿಸಿಕೊಂಡ ಮೇಲಷ್ಟೇ ಅದನ್ನು ನೆಚ್ಚಿಕೊಳ್ಳಿ.

ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಸಂಸ್ಥೆ ಇಎಸ್‌ಐ ವ್ಯಾಪ್ತಿಗೆ ಬಂದರೆ ಸಂಬಳದಲ್ಲಿ ಶೇ 0.75 ಕಡಿತವಾಗುತ್ತದೆ, ಮಾಲೀಕರು ಶೇ 3.25 ತುಂಬುತ್ತಾರೆ. ಅವಲಂಬಿತ ತಂದೆತಾಯಿಯೂ ಅದರಲ್ಲಿ ಬರುತ್ತಾರೆ ಎಂಬುದು ಗಾರ್ಮೆಂಟ್ ಕಾರ್ಖಾನೆಯ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ.

ನಮ್ಮ ಉದಾಹರಣೆಯ ಮಗನಿಗೆ ಆಫೀಸಿನ ಗ್ರೂಪ್ ಪಾಲಿಸಿ ಇದೆ ಎನ್ನೋಣ. ಹೆಚ್ಚುವರಿ ಹಣ ಕಟ್ಟಿ ತಂದೆತಾಯಿಯನ್ನು ಸೇರಿಸುವ ಅವಕಾಶವಿದ್ದರೆ ಎರಡನೇ ಯೋಚನೆ ಬೇಡ, ಸೇರಿಸಬೇಕು. ಹಳೆಯ ಕಾಯಿಲೆಗೂ ಮೊದಲ ದಿನದಿಂದ ಹಣ ಕೊಡುವ ಪಾಲಿಸಿ ಬಹುಮಟ್ಟಿಗೆ ಅದೊಂದೇ. ಹೆರಿಗೆ ಖರ್ಚೂ ಅದರಲ್ಲೇ ಸಲೀಸು. ಸ್ವಂತ ಪಾಲಿಸಿಗಳಲ್ಲಿ ಹೆರಿಗೆಗೆ ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಗಟ್ಟಲೆ ಕಾಯಬೇಕು. ಆದರೆ ಆ ಪಾಲಿಸಿ ಆಫೀಸಿನದು. ಕೆಲಸ ಬಿಟ್ಟ ದಿನ, ಅಥವಾ ಕೆಲಸ ಹೋದ ದಿನ, ಅದೂ ಹೋಗುತ್ತದೆ. 36ರ ಮಗ ಆಫೀಸಿನದನ್ನೇ ನಂಬಿಕೊಂಡು 50ರವರೆಗೆ ಸುಮ್ಮನಿದ್ದರೆ, ಅಷ್ಟರಲ್ಲಿ ಅವನ ಹೆಸರಿನಲ್ಲೂ ಒಂದೆರಡು ಕಾಯಿಲೆ ಬರೆಸಿಕೊಂಡೇ ಹೊಸ ಪಾಲಿಸಿಗೆ ಅರ್ಜಿ ಹಾಕಬೇಕಾಗುತ್ತದೆ.

ರೂಮಿನ ಬಾಡಿಗೆ ಎಳೆದುಕೊಂಡು ಹೋಗುವ ಬಿಲ್ಲು

ಈಗ ಆ ಮೂರನೆಯ ಸಾಲಿಗೆ ಬರೋಣ. ಅದನ್ನು ಊದಿಸುವ ಷರತ್ತುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಅರ್ಥವಾಗಿರುವುದು ರೂಮ್ ಬಾಡಿಗೆಯ ಮಿತಿ. ಅಪ್ಪನ ಹೆಸರಿನಲ್ಲಿ 5 ಲಕ್ಷದ ಪಾಲಿಸಿ ಇದೆ, ರೂಮ್ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ 1, ಅಂದರೆ 5,000 ರೂಪಾಯಿ ಮಿತಿ ಎಂದುಕೊಳ್ಳಿ. ಆಸ್ಪತ್ರೆಯಲ್ಲಿ ಆ ದರದ ರೂಮು ಖಾಲಿ ಇಲ್ಲ. 8,000ದ ರೂಮು ತೆಗೆದುಕೊಂಡಿರಿ. ಐದು ದಿನ ಇದ್ದಿರಿ. ಮೇಲಿನ 3,000ದಂತೆ 15,000 ಕೈಯಿಂದ ಹೋಗುತ್ತದೆ, ಅಷ್ಟೇ ತಾನೇ ಎಂದು ಎಲ್ಲರೂ ಎಣಿಸುತ್ತಾರೆ.

ಅಷ್ಟಕ್ಕೆ ನಿಲ್ಲುವುದಿಲ್ಲ. ಒಟ್ಟು ಬಿಲ್ಲು 3,20,000 ಬಂತು: ರೂಮಿಗೆ 40,000; ಡಾಕ್ಟರ ಫೀಸು, ಆಪರೇಷನ್ ಥಿಯೇಟರು, ನರ್ಸಿಂಗ್ ಇತ್ಯಾದಿ 1,60,000; ಔಷಧಿ, ಸ್ಟೆಂಟು, ಟೆಸ್ಟುಗಳು 1,20,000. ರೂಮು ದೊಡ್ಡದಾದಷ್ಟೂ ಡಾಕ್ಟರ ಫೀಸು, ಥಿಯೇಟರ್ ಚಾರ್ಜು ಹೆಚ್ಚು ಹಾಕುವುದು ಖಾಸಗಿ ಆಸ್ಪತ್ರೆಗಳ ವಾಡಿಕೆ. ಆದ್ದರಿಂದ ಪಾಲಿಸಿಯ ಷರತ್ತು ಹೇಳುವುದೇನೆಂದರೆ, ರೂಮಿನಲ್ಲಿ ನಿಮಗೆ ಹಕ್ಕಿರುವುದು ಎಂಟರಲ್ಲಿ ಐದು ಪಾಲಾದರೆ ಈ ಖರ್ಚಿನಲ್ಲೂ ಎಂಟರಲ್ಲಿ ಐದೇ ಪಾಲು. 1,60,000ಕ್ಕೆ ಸಿಗುವುದು 1,00,000. ರೂಮಿಗೆ 25,000. ಔಷಧಿ, ಇಂಪ್ಲಾಂಟು, ಟೆಸ್ಟುಗಳಿಗೆ ಈ ಕತ್ತರಿ ಹಾಕುವಂತಿಲ್ಲ ಎಂದು ಐಆರ್‌ಡಿಎಐ ಕಟ್ಟುಮಾಡಿರುವುದರಿಂದ 1,20,000 ಪೂರ್ತಿ. ಒಟ್ಟು ಮಂಜೂರು 2,45,000. ಕೈಯಿಂದ ಹೋದದ್ದು 75,000. ಕೈಗವಸು, ಮಾಸ್ಕು, ಡಯಾಪರಿನಂಥ ಸಾಮಾನಿನ ಖರ್ಚನ್ನು ಇನ್ನೂ ಸೇರಿಸಿಲ್ಲ. 5 ಲಕ್ಷದ ಪಾಲಿಸಿ ಇದೆ, ಬಿಲ್ಲು 5 ಲಕ್ಷ ಮುಟ್ಟಿಯೇ ಇಲ್ಲ. ಆದರೂ ಮುಕ್ಕಾಲು ಲಕ್ಷ ಹೊಂದಿಸಬೇಕು.

ಹಾಗಾಗಿ ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ರೂಮ್ ಬಾಡಿಗೆಗೆ ಮಿತಿ ಇಲ್ಲದ, ಇಲ್ಲವೇ 'ಸಿಂಗಲ್ ಪ್ರೈವೇಟ್ ರೂಮ್' ಎಂದು ಬರೆದಿರುವ ಪಾಲಿಸಿಯನ್ನೇ ನಾನು ಆರಿಸುತ್ತೇನೆ. ಹಾಗೆ ಆಗದಿದ್ದರೆ, ದಾಖಲಾಗುವಾಗಲೇ ಮಿತಿಯೊಳಗಿನ ರೂಮನ್ನು ಕೇಳಿ, ಸಿಗದಿದ್ದರೆ ಜನರಲ್ ವಾರ್ಡಿಗೂ ಸಿದ್ಧರಿರಬೇಕು. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಲೇಬೇಕು ಎಂದು 2020ರ ಏಪ್ರಿಲ್‌ನಲ್ಲಿ ತಂದ 'ಆರೋಗ್ಯ ಸಂಜೀವನಿ' ಪಾಲಿಸಿಯಲ್ಲಿ ರೂಮಿಗೆ ವಿಮಾ ಮೊತ್ತದ ಶೇ 2, ಗರಿಷ್ಠ 5,000. ಐಸಿಯುಗೆ ಶೇ 5, ಗರಿಷ್ಠ 10,000. ಪ್ರತಿ ಕ್ಲೇಮಿನಲ್ಲಿ ನಿಮ್ಮ ಪಾಲು ಶೇ 5. ಇದು ಸರಳ. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಸಾಕು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸಾಲದು.

ಆ ಕೊನೆಯ ಶೇ 5ಕ್ಕೆ ಕೋ-ಪೇ ಎನ್ನುತ್ತಾರೆ. ಹಿರಿಯರಿಗೆಂದೇ ಮಾರುವ ಪಾಲಿಸಿಗಳಲ್ಲಿ ಇದು ಶೇ 20ರವರೆಗೂ, ಕೆಲವೊಮ್ಮೆ ಅದಕ್ಕೂ ಮೇಲೆ ಹೋಗುತ್ತದೆ. 4 ಲಕ್ಷದ ಬಿಲ್ಲಿಗೆ ಶೇ 20 ಅಂದರೆ 80,000. ಕಣ್ಣಿನ ಪೊರೆ, ಮಂಡಿ ಬದಲಾವಣೆಯಂಥ ಚಿಕಿತ್ಸೆಗಳಿಗೆ ಪ್ರತ್ಯೇಕ ಮಿತಿ ಇದೆಯೇ ಎಂಬುದನ್ನೂ ಪಾಲಿಸಿಯ ಷರತ್ತುಗಳಲ್ಲಿ ನೋಡಬೇಕು. ನಮ್ಮ ಅಮ್ಮನ ಮಂಡಿಗೆ ಆ ಒಂದು ಸಾಲೇ ಮುಖ್ಯ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. 'ನಮ್ಮ ಕಂಪನಿಯದು ಶೇ 98 ಕ್ಲೇಮ್ ಸೆಟಲ್‌ಮೆಂಟ್' ಎಂದು ಜಾಹೀರಾತಿನಲ್ಲಿ ಬರುತ್ತದಲ್ಲ, 75,000 ಕಡಿತವಾದ ಮೇಲಿನ ಕ್ಲೇಮ್ ಕೂಡ ಅಲ್ಲಿ 'ಸೆಟಲ್' ಆದ ಲೆಕ್ಕಕ್ಕೇ ಸೇರುತ್ತದೆ. ಎಷ್ಟು ಕ್ಲೇಮಿಗೆ ಹಣ ಬಂತು ಎಂಬುದು ಆ ಸಂಖ್ಯೆಯಲ್ಲಿದೆ. ಕೇಳಿದ್ದರಲ್ಲಿ ಎಷ್ಟು ಬಂತು ಎಂಬುದು ಇಲ್ಲ. ಆ ಕಂಪನಿಯ ಪಾಲಿಸಿಯಿಂದ ಇತ್ತೀಚೆಗೆ ಆಸ್ಪತ್ರೆ ಬಿಲ್ಲು ತೀರಿಸಿದ ಇಬ್ಬರನ್ನು ಹುಡುಕಿ ಕೇಳಿದರೆ ಹೆಚ್ಚು ತಿಳಿಯುತ್ತದೆ. ನಿಮ್ಮೂರಿನ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನವರಿಗೆ ಇನ್ನೂ ಹೆಚ್ಚು ಗೊತ್ತಿರುತ್ತದೆ.

'ಶುಗರ್ ಎಷ್ಟು ವರ್ಷದಿಂದ?'

ಅರ್ಜಿ ತುಂಬುವಾಗ ಏಜೆಂಟರು ಮೆಲ್ಲಗೆ ಹೇಳುವ ಮಾತೊಂದಿದೆ: 'ಶುಗರ್ ಗಿಗರ್ ಬರೀಬೇಡಿ ಸಾರ್, ಪ್ರೀಮಿಯಂ ಏರುತ್ತೆ, ರಿಜೆಕ್ಟೂ ಆಗಬಹುದು.' ಅಪ್ಪನಿಗೂ ಅದು ಸರಿ ಅನಿಸುತ್ತದೆ. ಊಟವಾದ ಮೇಲೆ ಒಂದು ಮಾತ್ರೆ, ಅದೇನು ದೊಡ್ಡ ಕಾಯಿಲೆಯೇ?

ಇದರ ಫಲ ಕಾಣುವುದು ಎರಡು ವರ್ಷ ಬಿಟ್ಟು, ಎದೆನೋವೆಂದು ಆಸ್ಪತ್ರೆಗೆ ಸೇರಿದ ರಾತ್ರಿ. ಡ್ಯೂಟಿ ಡಾಕ್ಟರು ಕೇಸ್ ಶೀಟ್ ಹಿಡಿದು ಕೇಳುತ್ತಾರೆ: 'ಶುಗರ್ ಇದೆಯಾ? ಎಷ್ಟು ವರ್ಷದಿಂದ?' ಅಮ್ಮ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ: 'ಹನ್ನೆರಡು ವರ್ಷ ಆಯ್ತು ಡಾಕ್ಟ್ರೇ.' ಹೇಳಲೇಬೇಕು, ಚಿಕಿತ್ಸೆ ಅದರ ಮೇಲೆ ನಿಂತಿದೆ. ಆ ಉತ್ತರ ಕೇಸ್ ಶೀಟಿನಿಂದ ಡಿಸ್ಚಾರ್ಜ್ ಸಮರಿಗೆ, ಅಲ್ಲಿಂದ ಟಿಪಿಎ ಕೈಗೆ ಹೋಗುತ್ತದೆ. ಅವರು ಹಳೆಯ ಅರ್ಜಿಯ ಪಕ್ಕ ಇಟ್ಟು ನೋಡುತ್ತಾರೆ. ಅರ್ಜಿಯಲ್ಲಿ 'ಇಲ್ಲ', ಇಲ್ಲಿ 'ಹನ್ನೆರಡು ವರ್ಷ'. ಕ್ಲೇಮ್ ಮಾತ್ರವಲ್ಲ, ಪಾಲಿಸಿಯೇ ರದ್ದಾಗುವ ಅಪಾಯ. ಅಷ್ಟರಲ್ಲಿ ಏಜೆಂಟರು ಬೇರೆ ಕಂಪನಿಗೆ ಹೋಗಿರುತ್ತಾರೆ. ಅರ್ಜಿಯಲ್ಲಿ ಸಹಿ ಇರುವುದು ಅಪ್ಪನದು.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಜೊತೆಗಿಟ್ಟು ನೋಡಿದರೆ ಕಾನೂನಿನ ನಿಲುವು ತಿಳಿಯುತ್ತದೆ. ಮಧುಮೇಹ ಮತ್ತು ಕಿಡ್ನಿ ಕಾಯಿಲೆಯನ್ನು ತಿಳಿಸದೆ ಮೆಡಿಕ್ಲೇಮ್ ಮಾಡಿಸಿದ್ದ ವ್ಯಕ್ತಿ ತೀರಿಕೊಂಡ ಪ್ರಕರಣದಲ್ಲಿ, ಪತ್ನಿ ಕೊನೆಯವರೆಗೆ ಹೋರಾಡಿದರೂ 2009ರಲ್ಲಿ ಕೋರ್ಟು ಕಂಪನಿಯ ಪರ ನಿಂತಿತು. ವಿಮೆಗೆ ಮುಖ್ಯವಾದ ಸಂಗತಿಯನ್ನು ಹೇಳುವುದು ಅರ್ಜಿದಾರರ ಕರ್ತವ್ಯ ಎಂದಿತು. ಇನ್ನೊಂದು 2021ರ ಡಿಸೆಂಬರ್‌ನದು. ಅಮೆರಿಕ ಪ್ರವಾಸದಲ್ಲಿ ಹೃದಯಾಘಾತವಾದವರಿಗೆ, ಕೊಲೆಸ್ಟರಾಲ್ ಮಾತ್ರೆಯ ವಿಷಯ ಹೇಳಿರಲಿಲ್ಲ ಎಂದು ಕಂಪನಿ ಹಣ ನಿರಾಕರಿಸಿತ್ತು. ಅವರು ಮಧುಮೇಹವನ್ನು ಅರ್ಜಿಯಲ್ಲೇ ತಿಳಿಸಿದ್ದರು, ವೈದ್ಯಕೀಯ ಪರೀಕ್ಷೆಗೂ ಒಳಗಾಗಿದ್ದರು. ಎಲ್ಲ ಗೊತ್ತಿದ್ದೂ ಪಾಲಿಸಿ ಕೊಟ್ಟ ಮೇಲೆ ಆ ಸ್ಥಿತಿಯಿಂದ ಬಂದ ತೊಂದರೆಗೆ ಹಣ ಕೊಡುವುದಿಲ್ಲ ಎನ್ನುವಂತಿಲ್ಲ ಎಂದು ಕೋರ್ಟು ಕಂಪನಿಯ ವಾದವನ್ನು ತಳ್ಳಿಹಾಕಿತು. ಹೇಳಿದವರ ಕೈಯಲ್ಲಿ ಒಂದು ಬಲ ಉಳಿಯಿತು, ಹೇಳದವರಿಗೆ ಅದೂ ಇರಲಿಲ್ಲ.

ಹೇಳಿದರೆ ಆಗುವುದೇನು? ಕೆಲವು ಕಂಪನಿಗಳು ಪ್ರೀಮಿಯಂ ಏರಿಸುತ್ತವೆ, ಕೆಲವು ಬೇಡವೆನ್ನುತ್ತವೆ, ಉಳಿದವು ಆ ಹಳೆಯ ಕಾಯಿಲೆಗೆ ಹಣ ಸಿಗದ ಒಂದು ಕಾಯುವ ಅವಧಿ ಹಾಕಿ ಕೊಡುತ್ತವೆ. ಈ ಅವಧಿ 2024ರ ಏಪ್ರಿಲ್‌ವರೆಗೆ 4 ವರ್ಷದವರೆಗೂ ಇರಬಹುದಿತ್ತು. ಈಗ ಗರಿಷ್ಠ 3 ವರ್ಷ. ಸತತ 5 ವರ್ಷ ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, 'ನೀವು ಅಂದು ಹೇಳಿರಲಿಲ್ಲ' ಎಂದು ತಕರಾರು ತೆಗೆಯುವಂತಿಲ್ಲ. ಮೊದಲು ಇದು 8 ವರ್ಷ ಇತ್ತು. 65 ದಾಟಿದವರಿಗೆ ಹೊಸ ಪಾಲಿಸಿಯೇ ಇಲ್ಲ ಎಂಬ ಹಳೆಯ ಗೋಡೆಯೂ ಬಿದ್ದಿದೆ. ಆದರೆ ಕೊಡಲೇಬೇಕೆಂಬ ಬಲವಂತ ಕಂಪನಿಗಿಲ್ಲ. 66ರ ಅಪ್ಪ ಇವತ್ತು ಕೊಂಡರೆ ಶುಗರಿನಿಂದ ಬಂದ ತೊಂದರೆಗೆ ಪೂರ್ತಿ ರಕ್ಷಣೆ ಸಿಗುವಾಗ 69 ಆಗಿರಬಹುದು. ತಡವೇ, ಆದರೂ ಕೊಳ್ಳಬೇಕು. ಆ ಮೂರು ವರ್ಷದಲ್ಲೂ ಬಿದ್ದು ಮೂಳೆ ಮುರಿದರೆ, ಡೆಂಗಿ ಬಂದರೆ, ನ್ಯುಮೋನಿಯಾ ಆದರೆ ಪಾಲಿಸಿ ಕೈಹಿಡಿಯುತ್ತದೆ.

ಒಂದೇ ಕೊಡೆಯಡಿ ಐದು ಜನ ಬೇಡ

ಇಡೀ ಮನೆ ಒಂದೇ ವಿಮಾ ಮೊತ್ತವನ್ನು ಹಂಚಿಕೊಳ್ಳುವ ಫ್ಲೋಟರ್ ಪಾಲಿಸಿ ಮಾಡಿಸಿದರೆ ಅಗ್ಗ ಎಂಬ ನಂಬಿಕೆ ಗಂಡ, ಹೆಂಡತಿ, ಮಕ್ಕಳ ಮಟ್ಟಿಗೆ ನಿಜ. ಅದೇ ಪಾಲಿಸಿಗೆ ಅಪ್ಪನನ್ನು ಸೇರಿಸಿದರೆ ಲೆಕ್ಕ ತಿರುಗುತ್ತದೆ. ಫ್ಲೋಟರ್ ದರ ಸಾಮಾನ್ಯವಾಗಿ ಅದರಲ್ಲಿರುವ ಅತಿ ಹಿರಿಯರ ವಯಸ್ಸಿನ ಮೇಲೆ ನಿಂತಿರುತ್ತದೆ. ಅಪ್ಪನ ಒಂದು ಬೈಪಾಸಿಗೆ ವರ್ಷದ ಮೊತ್ತವೆಲ್ಲ ಮುಗಿದರೆ ಮಗುವಿನ ಜ್ವರಕ್ಕೂ ಏನೂ ಉಳಿದಿರುವುದಿಲ್ಲ. ಈ ಮನೆಗೆ ನಾನು ಹೇಳುವುದು: ಮಗ, ಸೊಸೆ, ಮಗುವಿಗೆ ಒಂದು ಫ್ಲೋಟರ್, ಅಪ್ಪನಿಗೆ, ಅಮ್ಮನಿಗೆ ಬೇರೆಬೇರೆ ಪಾಲಿಸಿ, ಆಫೀಸಿನದು ಇರುವಷ್ಟು ದಿನ ಅದೂ ಇರಲಿ. ಹಣ ಸಾಲದಿದ್ದರೆ ಮೊದಲ ಆದ್ಯತೆ ತಂದೆತಾಯಿಗೆ, ಏಕೆಂದರೆ ಮಗನಿಗೆ ಸದ್ಯಕ್ಕೆ ಆಫೀಸಿನ ಆಸರೆ ಇದೆ.

ವಿಮಾ ಮೊತ್ತ ಹೆಚ್ಚು ಬೇಕು, ಪ್ರೀಮಿಯಂ ಕೈಗೆಟುಕಬೇಕು ಎಂದರೆ ಸೂಪರ್ ಟಾಪ್-ಅಪ್ ಒಳ್ಳೆಯ ದಾರಿ. ಹೆಸರಿನಲ್ಲಿ 'ಸೂಪರ್' ಇದೆಯೇ ನೋಡಿಕೊಳ್ಳಿ, ಅದು ಅಲಂಕಾರಕ್ಕೆ ಹಾಕಿದ್ದಲ್ಲ. ಮೂಲ ಪಾಲಿಸಿ 5 ಲಕ್ಷದ್ದು, ಅದರ ಮೇಲೆ 5 ಲಕ್ಷ ದಾಟಿದ ಖರ್ಚಿಗೆ ಇನ್ನೊಂದು. ಒಂದೇ ವರ್ಷದಲ್ಲಿ ಎರಡು ಸಲ 4 ಲಕ್ಷದ ಬಿಲ್ಲಾಯಿತು ಎನ್ನಿ. ಮೂಲ ಪಾಲಿಸಿ ಮೊದಲ ಸಲ 4, ಎರಡನೇ ಸಲ 1 ಲಕ್ಷ ಕೊಟ್ಟು ಮುಗಿಯುತ್ತದೆ. ಬರೀ ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆಯಾಗಿ ನೋಡುವುದರಿಂದ, ಯಾವ ಬಿಲ್ಲೂ 5 ದಾಟಿಲ್ಲವೆಂದು ಏನನ್ನೂ ಕೊಡುವುದಿಲ್ಲ. ಸೂಪರ್ ಟಾಪ್-ಅಪ್ ವರ್ಷದ ಒಟ್ಟು 8 ಲಕ್ಷ ನೋಡಿ ಉಳಿದ 3 ಲಕ್ಷ ಕೊಡುತ್ತದೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಮೇಲಿನ ಶೇ 18 ಜಿಎಸ್‌ಟಿ ಹೋಗಿದೆ. 30,000ದ ಪ್ರೀಮಿಯಂ ಮೇಲೆ 5,400 ತೆರಿಗೆ ಕಟ್ಟುತ್ತಿದ್ದವರು ಆ ಹಣವನ್ನು ಅಪ್ಪನ ಸೂಪರ್ ಟಾಪ್-ಅಪ್‌ಗೆ ಹಾಕಿದರೆ ಸಾರ್ಥಕ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು ಎಂಬ ನಿಯಮ 2025ರ ಜನವರಿಯಿಂದ ಇದೆ. ಇನ್ನು ಪ್ರೀಮಿಯಂಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಅದಕ್ಕಾಗಿಯೇ ಮಾರ್ಚ್ ಕೊನೆಯ ವಾರ ಅವಸರದಲ್ಲಿ ಪಾಲಿಸಿ ಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಈಗಿರುವ ಪಾಲಿಸಿ ಹಿಡಿಸದಿದ್ದರೆ ಬಿಟ್ಟು ಹೊಸದು ಕೊಳ್ಳಬೇಡಿ, ಪೋರ್ಟ್ ಮಾಡಿ, ಅಂದರೆ ಇರುವುದನ್ನೇ ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಿ. ನವೀಕರಣದ ದಿನಕ್ಕೆ 45 ದಿನ ಮೊದಲೇ ಹೊಸ ಕಂಪನಿಗೆ ಅರ್ಜಿ ಹೋಗಿದ್ದರೆ ಕಾದು ಕಳೆದ ವರ್ಷಗಳು ಜಮೆಯಾಗಿಯೇ ಬರುತ್ತವೆ.

ಇಷ್ಟೆಲ್ಲ ನೋಡಿ ಕೊಂಡರೂ ಕ್ಲೇಮ್ ತಿರಸ್ಕಾರವಾಗಬಹುದು. ಆಗ ಬಾಯಿಮಾತಿಗೆ ಒಪ್ಪಬೇಡಿ. ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ. ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು ಅದೇ 2024ರ ಸುತ್ತೋಲೆ ಹೇಳುತ್ತದೆ. ಕಂಪನಿಯ ದೂರು ವಿಭಾಗಕ್ಕೆ ಬರೆದು 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. 50 ಲಕ್ಷದವರೆಗಿನ ವ್ಯಾಜ್ಯ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಒಂದು ವರ್ಷದೊಳಗೆ ದೂರು ಕೊಡಬೇಕು. ಅವರ ಆದೇಶಕ್ಕೆ ಕಂಪನಿ ಬದ್ಧ. ನಿಮಗೆ ಸಮ್ಮತವಾಗದಿದ್ದರೆ ಗ್ರಾಹಕ ಆಯೋಗದ ಬಾಗಿಲು ತೆರೆದೇ ಇರುತ್ತದೆ. ದೂರುಪತ್ರದ ಜೊತೆ ಲಗತ್ತಿಸಬೇಕಾದ ಕಾಗದಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ನೀವು ಸಹಿ ಮಾಡಿದ ಆ ಮೊದಲ ಅರ್ಜಿಗೆ.

ಪಾಲಿಸಿ ಈಗ ಪಿಡಿಎಫ್ ಆಗಿ ಮೊಬೈಲಿಗೇ ಬರುತ್ತದೆ. ಬಂದ ದಿನದಿಂದ 30 ದಿನ, ಬೇಡವೆನಿಸಿದರೆ ಹಿಂದಿರುಗಿಸುವ ಹಕ್ಕು ನಿಮಗಿದೆ. ಷರತ್ತುಗಳನ್ನು ಸಂಕ್ಷಿಪ್ತವಾಗಿ ಹೇಳುವ ಮಾಹಿತಿ ಪತ್ರವನ್ನೂ ಕಂಪನಿ ಕೊಡಲೇಬೇಕು. ಅದನ್ನು ನಿಮ್ಮ ಭಾಷೆಯಲ್ಲಿ ಕೇಳಬಹುದು, ಕೇಳಿ. ಹೆಸರು, ಹುಟ್ಟಿದ ದಿನ, ರೂಮ್ ಬಾಡಿಗೆ, ಕೋ-ಪೇ ನೋಡಿಯಾದ ಮೇಲೆ ಅರ್ಜಿಯ ನಕಲಿರುವ ಪುಟಕ್ಕೆ ಹೋಗಿ. ಅಲ್ಲಿ ಅಪ್ಪನ ಹೆಸರಿನ ಮುಂದೆ ಮಧುಮೇಹದ ಕಾಲಮ್ಮಿನಲ್ಲಿ 'ಇಲ್ಲ' ಎಂದಿದ್ದರೆ, ಏಜೆಂಟರಿಗೆ ಫೋನ್ ಮಾಡಿ ಸುಮ್ಮನಾಗಬೇಡಿ; ಎಷ್ಟು ವರ್ಷದಿಂದ, ಯಾವ ಮಾತ್ರೆ ಎಂದು ಅವತ್ತೇ ಕಂಪನಿಗೆ ಇಮೇಲ್ ಬರೆದು, ಬಂದ ಉತ್ತರವನ್ನು ಪಾಲಿಸಿಯ ಜೊತೆಗೇ ಇಟ್ಟುಕೊಳ್ಳಿ.